ಓಗೊಟ್ಟ ಚಂದ್ರ

ಭೂಮಿಯಿಂದ ಚಂದ್ರನಿಗೆ ಎಷ್ಟು ದೂರ ಎಂದು ತರಗತಿಯಲ್ಲಿ ಕೇಳಿದರೆ ಹತ್ತಾರು ಕೈಗಳು ಒಮ್ಮೆಗೇ ಮೇಲೇಳುತ್ತವೆ. '3,84,400 ಕಿಲೋಮೀಟರು' ಎಂಬ ಉತ್ತರವು ತಡವರಿಕೆಯಿಲ್ಲದೆ ಬರುತ್ತದೆ. ಅದು ಯಾರಿಗೆ, ಹೇಗೆ ತಿಳಿಯಿತು ಎಂದು ಮರಳಿ ಕೇಳಿದೊಡನೆ ಎತ್ತಿದ ಕೈಗಳು ಒಂದೊಂದಾಗಿ ಇಳಿಯುತ್ತವೆ. ಕೊನೆಗೆ ಒಬ್ಬ ಧೈರ್ಯಶಾಲಿ ಎದ್ದುನಿಂತು, 'ಪುಸ್ತಕದಲ್ಲಿ ಹಾಗೆ ಬರೆದಿದೆ, ಸಾರ್' ಎನ್ನುತ್ತಾನೆ. ಅವನು ಹೇಳಿದುದರಲ್ಲಿ ಸುಳ್ಳಿಲ್ಲ. ಅವನನ್ನು ಗದರಿಸುವ ಅಧಿಕಾರ ನನಗಂತೂ ಇಲ್ಲ. ಏಕೆಂದರೆ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಅದರ ಹಿಂದಿನ ಶ್ರಮವನ್ನು ಬಿಟ್ಟುಬಿಡುವವರು ಪುಸ್ತಕ ಬರೆಯುವ ನಮ್ಮಂಥವರೇ.

ರೇಡಾರಿನ ಮೂಲಕ ಚಂದ್ರನ ದೂರವನ್ನು ಅಳೆದ ಪ್ರಸಂಗವನ್ನೇ ನೋಡಿರಿ. ವಿಜ್ಞಾನದ ಚರಿತ್ರೆಯನ್ನು ಹೇಳುವ ಪುಸ್ತಕಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದೇ ವಾಕ್ಯ ಮೀಸಲು: 1946ರ ಜನವರಿ 10ರಂದು ಅಮೆರಿಕದ ಸೈನ್ಯದ ತಂತ್ರಜ್ಞರು ಚಂದ್ರನಿಂದ ರೇಡಾರ್ ಪ್ರತಿಧ್ವನಿಯನ್ನು ಪಡೆದರು. ಅದೇ ವರ್ಷ ಫೆಬ್ರವರಿ 6ರಂದು ಹಂಗೇರಿ ದೇಶದ ಜೋಲ್ತಾನ್ ಬೇ ಎಂಬ ಭೌತವಿಜ್ಞಾನಿಯೂ ಅವನ ಸಂಗಡಿಗರೂ ಅದೇ ಕೆಲಸವನ್ನು ಬೇರೊಂದು ವಿಧಾನದಿಂದ ಸಾಧಿಸಿದರು. ಇಪ್ಪತ್ತೇಳು ದಿನ ತಡವಾಯಿತು. ಓಟದ ಪಂದ್ಯದಲ್ಲಿ ಮೊದಲು ಗೆರೆ ಮುಟ್ಟಿದವನಿಗೆ ಮಾಲೆ ಬೀಳುವಂತೆ, ಇಲ್ಲಿಯೂ ಮೊದಲಿಗರ ಹೆಸರು ಉಳಿಯಿತು, ಎರಡನೆಯವನ ಹೆಸರು ಅಂಚಿಗೆ ಸರಿಯಿತು. ಈ ನ್ಯಾಯ ನನಗೆ ಒಪ್ಪಿಗೆಯಿಲ್ಲ. ಮೊದಲ ಪ್ರಯೋಗದ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಕಾಶಕಾಯಗಳ ದೂರವನ್ನು ಅಳೆಯುವ ವಿದ್ಯೆಯು ಆಮೇಲೆ ನಡೆದುಬಂದ ದಾರಿಯನ್ನು ನೋಡಿದರೆ, ಅದು ಬೇ ಹಿಡಿದ ದಾರಿಯೇ ಆಗಿದೆ. ಹೀಗೇಕೆ ಹೇಳುತ್ತೇನೆಂಬುದನ್ನು ಮುಂದೆ ವಿವರಿಸುತ್ತೇನೆ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. 1946ಕ್ಕಿಂತ ಹಿಂದೆ ಚಂದ್ರನ ದೂರವು ಯಾರಿಗೂ ತಿಳಿದಿರಲಿಲ್ಲವೆಂದಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿಯೇ ಗ್ರೀಕರ ಹಿಪ್ಪಾರ್ಕಸನು ಗ್ರಹಣಗಳ ಆಧಾರದಿಂದ ಆ ದೂರವನ್ನು ಲೆಕ್ಕ ಹಾಕಿದ್ದನು. ನಮ್ಮ ಸೂರ್ಯಸಿದ್ಧಾಂತವು ಚಂದ್ರಕಕ್ಷೆಯ ಸುತ್ತಳತೆಯನ್ನು 3,24,000 ಯೋಜನವೆಂದೂ ಭೂಮಿಯ ವ್ಯಾಸವನ್ನು 1,600 ಯೋಜನವೆಂದೂ ಹೇಳುತ್ತದೆ. ನೀವೇ ಭಾಗಾಕಾರ ಮಾಡಿ ನೋಡಿದರೆ ಚಂದ್ರನ ದೂರವು ಭೂಮಿಯ ತ್ರಿಜ್ಯದ ಸುಮಾರು 64 ಮಡಿಯಾಗುತ್ತದೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು 60 ಮಡಿ. ದೂರದರ್ಶಕವಿಲ್ಲದ ಕಾಲದ ಲೆಕ್ಕ ಇಷ್ಟು ಹತ್ತಿರಕ್ಕೆ ಬಂದಿತ್ತೆಂಬುದು ಸಣ್ಣ ಮಾತಲ್ಲ.

ಹದಿನೆಂಟನೆಯ ಶತಮಾನದಲ್ಲಿ ಈ ಲೆಕ್ಕವು ಇನ್ನಷ್ಟು ಬಿಗಿಯಾಯಿತು. 1751-52ರಲ್ಲಿ ಫ್ರಾನ್ಸಿನ ಲಕಾಯ್ ಎಂಬುವನು ಆಫ್ರಿಕದ ದಕ್ಷಿಣ ತುದಿಯ ಗುಡ್‌ಹೋಪ್ ಭೂಶಿರದಲ್ಲಿಯೂ, ಲಲಾಂದ್ ಎಂಬುವನು ಜರ್ಮನಿಯ ಬರ್ಲಿನ್ನಿನಲ್ಲಿಯೂ ನಿಂತು ಒಂದೇ ಚಂದ್ರನನ್ನು ವೀಕ್ಷಿಸಿದರು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿದಂತೆ ಕಾಣುವುದಷ್ಟೆ? ಹಾಗೆಯೇ ಆ ಇಬ್ಬರಿಗೂ ಚಂದ್ರನು ನಕ್ಷತ್ರಗಳ ನಡುವೆ ಸ್ವಲ್ಪ ಬೇರೆ ಬೇರೆ ಎಡೆಯಲ್ಲಿ ಕಂಡನು. ಈ ಸರಿತಕ್ಕೆ ನಮ್ಮ ಜ್ಯೋತಿಷಿಗಳು ಲಂಬನವೆಂದು ಹೆಸರಿಟ್ಟಿದ್ದರು. ಬರ್ಲಿನ್ನಿಗೂ ಭೂಶಿರಕ್ಕೂ ಇರುವ ಅಂತರವು ಗೊತ್ತಿದ್ದುದರಿಂದ ತ್ರಿಕೋಣಮಿತಿಯ ಸಹಾಯದಿಂದ ಚಂದ್ರನ ದೂರವು ದೊರಕಿತು. ಇವೆಲ್ಲವೂ ಕೋನಗಳನ್ನು ಹಿಡಿದು ಮಾಡಿದ ಲೆಕ್ಕಗಳು. ಚಂದ್ರನನ್ನು ಕಣ್ಣಿನಿಂದ ನೋಡಿ ಮಾಡಿದುವೇ ಹೊರತು, ಚಂದ್ರನನ್ನು ತಟ್ಟಿ ಮಾಡಿದುವಲ್ಲ.

ತಟ್ಟಿ ನೋಡುವ ವಿಧಾನ ಬೇರೆ. ಬೆಟ್ಟದ ಎದುರು ನಿಂತು ಕೂಗಿದರೆ ಸ್ವಲ್ಪ ಹೊತ್ತಿನ ಮೇಲೆ ಬೆಟ್ಟವು ಓಗೊಡುತ್ತದೆ. ಶಬ್ದದ ವೇಗವು ನಮಗೆ ಗೊತ್ತಿದ್ದರೆ, ಕೂಗಿಗೂ ಮಾರ್ದನಿಗೂ ನಡುವಣ ಕಾಲವನ್ನು ಎಣಿಸಿ, ವೇಗದಿಂದ ಗುಣಿಸಿ, ಅರ್ಧ ಮಾಡಿದರೆ ಬೆಟ್ಟದ ದೂರ ಸಿಕ್ಕುತ್ತದೆ. ರೇಡಾರ್ ಮಾಡುವುದೂ ಇಷ್ಟನ್ನೇ. ಶಬ್ದದ ಬದಲು ಅದು ರೇಡಿಯೋ ತರಂಗಗಳನ್ನು ಕಳಿಸುತ್ತದೆ. ಅವು ಬೆಳಕಿನ ವೇಗದಿಂದ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ ಸಾಗುತ್ತವೆ. ಚಂದ್ರನವರೆಗೆ ಹೋಗಿ ಹಿಂದಿರುಗಲು ಅವಕ್ಕೆ ಎರಡೂವರೆ ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ಚಂದ್ರನ ಕಕ್ಷೆಯು ಪೂರ್ಣ ವೃತ್ತವಲ್ಲವಾದುದರಿಂದ ಅವನು ಹತ್ತಿರ ಬಂದಾಗ ಈ ಕಾಲವು ಸುಮಾರು 2.4 ಸೆಕೆಂಡಿಗೆ ಇಳಿಯುತ್ತದೆ. ದೂರ ಹೋದಾಗ 2.7ಕ್ಕೆ ಏರುತ್ತದೆ. ನೀವು ಕಂಠಪಾಠ ಮಾಡಿದ 3,84,400 ಎಂಬುದು ಸರಾಸರಿ ಮಾತ್ರ.

ಕೇಳಲು ಇದು ಸರಳ. ಮಾಡಲು ಹೊರಟರೆ ಎದೆ ನಡುಗಿಸುವಂಥದು. ಆಂಟೆನಾದಿಂದ ಹೊರಟ ತರಂಗಗಳು ಹೋಗುತ್ತ ಹೋಗುತ್ತ ಹರಡಿಕೊಳ್ಳುತ್ತವೆ. ಚಂದ್ರನ ಮೇಲೆ ಬೀಳುವುದು ಅವುಗಳಲ್ಲಿ ಒಂದು ಚೂರು. ಅದರಲ್ಲಿಯೂ ಬಹುಭಾಗವನ್ನು ಚಂದ್ರನ ನೆಲವು ನುಂಗಿಬಿಡುತ್ತದೆ. ಮಿಕ್ಕುದು ಹಿಂದಿರುಗುವಾಗ ಮತ್ತೆ ಅಷ್ಟೇ ದೂರ ಹರಡಿಕೊಳ್ಳುತ್ತದೆ. ದೀಪದಿಂದ ಎರಡು ಮಡಿ ದೂರ ಸರಿದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುವುದೆಂದು ನೀವು ಓದಿದ್ದೀರಿ. ಪ್ರತಿಧ್ವನಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೀಗೆ ಎರಡು ಸಲ ಈ ತೆರಿಗೆ ಬೀಳುತ್ತದೆ. ಆದುದರಿಂದ ದೂರವು ಎರಡು ಮಡಿಯಾದರೆ ಅದು ಹದಿನಾರರಲ್ಲೊಂದು ಪಾಲಿಗೆ ಕುಗ್ಗುತ್ತದೆ. ನೂರು ಕಿಲೋಮೀಟರು ದೂರದ ವಿಮಾನವನ್ನು ಹಿಡಿಯುವ ಯಂತ್ರವನ್ನು ನಾಲ್ಕು ಲಕ್ಷ ಕಿಲೋಮೀಟರು ದೂರದ ಚಂದ್ರನ ಕಡೆಗೆ ತಿರುಗಿಸಿದರೆ ಏನಾದೀತೆಂಬುದನ್ನು ಊಹಿಸಿರಿ. ಚಂದ್ರನು ವಿಮಾನಕ್ಕಿಂತ ಎಷ್ಟೋ ದೊಡ್ಡವನೆಂಬುದೊಂದೇ ಇಲ್ಲಿ ಆಸರೆ.

ಇದನ್ನು ಮೊದಲು ಗೆದ್ದವನು ಜಾನ್ ಡಿವಿಟ್. ಅವನು ಅಮೆರಿಕದ ನ್ಯಾಶ್‌ವಿಲ್ ನಗರದ ರೇಡಿಯೋ ಕೇಂದ್ರವೊಂದರಲ್ಲಿ ಎಂಜಿನಿಯರನಾಗಿದ್ದವನು, ಆಕಾಶವೀಕ್ಷಣೆಯಲ್ಲಿ ಆಸಕ್ತಿಯುಳ್ಳವನು. 1940ರಲ್ಲಿಯೇ ತನ್ನ ಕೈಗೆಟುಕಿದ ಸಣ್ಣ ಪ್ರೇಷಕವೊಂದರಿಂದ ಚಂದ್ರನ ಕಡೆಗೆ ತರಂಗಗಳನ್ನು ಕಳಿಸಿ ನೋಡಿದ್ದನು. ಏನೂ ಕೇಳಿಸಲಿಲ್ಲ. ಯುದ್ಧವು ಬಂದು ಅವನನ್ನು ಸೈನ್ಯದ ರೇಡಾರ್ ಪ್ರಯೋಗಶಾಲೆಗೆ ಸೇರಿಸಿತು. ಯುದ್ಧವು ಮುಗಿದಾಗ ನ್ಯೂಜೆರ್ಸಿ ಪ್ರಾಂತದ ಬೆಲ್ಮಾರ್ ಎಂಬ ಊರಿನ ಬಳಿಯ ಕ್ಯಾಂಪ್ ಇವಾನ್ಸ್ ಎಂಬಲ್ಲಿ ಅವನ ಕೈಕೆಳಗೆ ಒಳ್ಳೆಯ ಯಂತ್ರಗಳೂ ನುರಿತ ಜನರೂ ಇದ್ದರು. ಸೇನಾ ಇಲಾಖೆಯಿಂದ ಒಂದು ಪ್ರಶ್ನೆಯೂ ಬಂದಿತ್ತು. ಭೂಮಿಯ ಮೇಲ್ವಾತಾವರಣದಲ್ಲಿ ವಿದ್ಯುತ್ಕಣಗಳ ಪದರವೊಂದಿದೆ. ಅದಕ್ಕೆ ಅಯಾನುಗೋಳವೆಂದು ಹೆಸರು. ಅದನ್ನು ರೇಡಾರ್ ತರಂಗಗಳು ತೂರಿಹೋಗಬಲ್ಲುವೆ? ಜರ್ಮನರು ಯುದ್ಧದಲ್ಲಿ ಪ್ರಯೋಗಿಸಿದ ವಿ-2ರಂಥ ಕ್ಷಿಪಣಿಗಳು ಆ ಎತ್ತರದಿಂದ ಬಂದರೆ ಅವನ್ನು ಮುಂಚಿತವಾಗಿ ಕಾಣಬಹುದೆ? ಕೆಲವರು ಈ ಪ್ರಯೋಗವನ್ನು ಯುದ್ಧದ ಖಡ್ಗವು ಶಾಂತಿಯ ನೇಗಿಲಾದುದಕ್ಕೆ ದೃಷ್ಟಾಂತವಾಗಿ ಹೊಗಳುತ್ತಾರೆ. ಅದು ಅರ್ಧ ಸತ್ಯ. ಹಣ ಕೊಟ್ಟವರ ಕಣ್ಣು ಕ್ಷಿಪಣಿಯ ಮೇಲಿತ್ತು, ಡಿವಿಟ್ಟನ ಕಣ್ಣು ಚಂದ್ರನ ಮೇಲಿತ್ತು. ಒಂದೇ ಯಂತ್ರವು ಇಬ್ಬರಿಗೂ ಒದಗಿತು.

ಯೋಜನೆಗೆ ರೋಮನರ ಚಂದ್ರದೇವತೆಯಾದ ಡಯಾನಾಳ ಹೆಸರನ್ನಿಟ್ಟರು. ಸೈನ್ಯದ ಎರಡು ರೇಡಾರ್ ಆಂಟೆನಾಗಳನ್ನು ಜೋಡಿಸಿ ನೂರು ಅಡಿಯ ಗೋಪುರದ ಮೇಲೆ ನಿಲ್ಲಿಸಿದರು. ಅದನ್ನು ಸುತ್ತಲೂ ತಿರುಗಿಸಬಹುದಾಗಿತ್ತು. ಆದರೆ ಮೇಲಕ್ಕೆ ಎತ್ತಲು ಬರುತ್ತಿರಲಿಲ್ಲ. ಆದುದರಿಂದ ಚಂದ್ರನು ಹುಟ್ಟುವಾಗ ಅಥವಾ ಮುಳುಗುವಾಗ, ದಿಗಂತದ ಬಳಿಯಿರುವ ಸ್ವಲ್ಪ ಹೊತ್ತು ಮಾತ್ರ ಪ್ರಯೋಗಕ್ಕೆ ಅವಕಾಶ. ಇನ್ನೊಂದು ತೊಡಕೂ ಇತ್ತು. ಭೂಮಿಯು ತನ್ನ ಸುತ್ತ ತಿರುಗುತ್ತಿರುತ್ತದೆ, ಚಂದ್ರನು ತನ್ನ ಕಕ್ಷೆಯಲ್ಲಿ ಓಡುತ್ತಿರುತ್ತಾನೆ. ಆದುದರಿಂದ ಹಿಂದಿರುಗುವ ತರಂಗದ ಆವೃತ್ತಿಯು ಕಳಿಸಿದ ಆವೃತ್ತಿಗಿಂತ ಕೊಂಚ ಬೇರೆಯಾಗಿರುತ್ತದೆ. ಎಷ್ಟು ಬೇರೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಗ್ರಾಹಕವನ್ನು ಅಲ್ಲಿಗೆ ಹೊಂದಿಸಬೇಕು. ಈ ಲೆಕ್ಕವನ್ನೂ, ಚಂದ್ರನು ಎಷ್ಟು ತರಂಗವನ್ನು ಹಿಂದಿರುಗಿಸಿಯಾನು ಎಂಬ ಲೆಕ್ಕವನ್ನೂ ಮಾಡಿಕೊಟ್ಟವನು ವಾಲ್ಟರ್ ಮ್ಯಾಕಫಿ ಎಂಬ ಕರಿಯ ಜನಾಂಗದ ಭೌತವಿಜ್ಞಾನಿ. ಪ್ರಯೋಗದ ಸುದ್ದಿಯು ಮೊದಲು ಪ್ರಕಟವಾದಾಗ ಅವನ ಹೆಸರು ಅದರಲ್ಲಿರಲಿಲ್ಲ. ಮೊದಲಿಗರ ಗುಂಪಿನೊಳಗೂ ಮರೆಗೆ ಸಂದವರಿರುತ್ತಾರೆ.

ಜನವರಿ 10ರಂದು ಚಂದ್ರೋದಯವಾದುದು ನಡುಹಗಲಿಗೆ ಸ್ವಲ್ಪ ಮೊದಲು. ಹಗಲಿನಲ್ಲಿ ಚಂದ್ರೋದಯವೆ ಎಂದು ಬೆರಗಾಗಬೇಡಿ. ಶುಕ್ಲಪಕ್ಷದ ಅಷ್ಟಮಿಯ ಸುಮಾರಿಗೆ ಚಂದ್ರನು ಮೂಡುವುದು ಆ ಹೊತ್ತಿನಲ್ಲೇ. 111.5 ಮೆಗಾಹರ್ಟ್ಸ್ ಆವೃತ್ತಿಯ ತರಂಗಗಳನ್ನು ಕಾಲು ಸೆಕೆಂಡಿನಷ್ಟು ಹೊತ್ತು ಕಳಿಸುವುದು, ನಿಲ್ಲಿಸುವುದು, ಕಿವಿಗೊಟ್ಟು ಕಾಯುವುದು, ಮತ್ತೆ ಕಳಿಸುವುದು ಹೀಗೆ ಕೆಲಸ ಸಾಗಿತು. 11 ಗಂಟೆ 58 ನಿಮಿಷಕ್ಕೆ, ಕಳಿಸಿದ ಎರಡೂವರೆ ಸೆಕೆಂಡಿನ ತರುವಾಯ ಯಂತ್ರದ ಪರದೆಯ ಮೇಲೆ ಬೆಳಕಿನ ಗೆರೆ ಮೇಲೆದ್ದಿತು. ಧ್ವನಿವರ್ಧಕದಲ್ಲಿ ಗುಂಯ್ ಎಂಬ ನಾದ ಕೇಳಿಸಿತು. ಯಂತ್ರದ ಮುಂದಿದ್ದವರು ಹೆರಾಲ್ಡ್ ವೆಬ್ ಮತ್ತು ಹರ್ಬರ್ಟ್ ಕಾಫ್‌ಮನ್. ವರ್ಷಗಳಿಂದ ಈ ಗಳಿಗೆಗಾಗಿ ಹಂಬಲಿಸಿದ್ದ ಡಿವಿಟ್ ಆಗ ಊಟಕ್ಕೆಂದು ಊರೊಳಗೆ ಹೋಗಿದ್ದನು! ಹಿಂದಿರುಗಿ ಬಂದ ಮೇಲೂ ಅವನು ಕುಣಿದಾಡಲಿಲ್ಲ. ಮತ್ತೆ ಮತ್ತೆ ಪರೀಕ್ಷಿಸಿ, ತಿಳಿದವರಿಗೆ ತೋರಿಸಿ, ಎರಡು ವಾರ ಕಳೆದ ಮೇಲೆ, ಜನವರಿ 24ರಂದು ಸುದ್ದಿಯನ್ನು ಹೊರಗೆ ಬಿಡಲಾಯಿತು. ಅವನ ಸಾಧನೆಯಷ್ಟೇ ಈ ಎರಡು ವಾರಗಳ ಮೌನವನ್ನೂ ನಾನು ಮೆಚ್ಚುತ್ತೇನೆ.

ರೇಡಿಯೋ ತರಂಗಗಳು ಅಯಾನುಗೋಳವನ್ನು ತೂರಿ ಹೊರಗೆ ಹೋಗಿ ಹಿಂದಿರುಗಬಲ್ಲುವೆಂಬುದು ಅಂದು ಸ್ಥಿರಪಟ್ಟಿತು. ಮುಂದೆ ಬಾಹ್ಯಾಕಾಶ ನೌಕೆಗಳೊಡನೆ ಮಾತನಾಡುವುದು ಸಾಧ್ಯವೆಂಬ ಭರವಸೆ ಹುಟ್ಟಿತು. ಆದರೆ ದೂರದ ಅಳತೆಯಾಗಿ ನೋಡಿದರೆ? ಕಾಲು ಸೆಕೆಂಡಿನಲ್ಲಿ ತರಂಗವು 75,000 ಕಿಲೋಮೀಟರು ಓಡುತ್ತದೆ. ಎಂದರೆ ಬಾಲವು ಆಂಟೆನಾವನ್ನು ಬಿಡುವ ಮುನ್ನವೇ ತಲೆಯು 75,000 ಕಿಲೋಮೀಟರು ಮುಂದೆ ಹೋಗಿರುತ್ತಿತ್ತು. ಅಷ್ಟು ಉದ್ದದ ಅಳತೆಗೋಲಿನಿಂದ ಚಂದ್ರನ ದೂರವನ್ನು ಅಳೆದಾಗ ಅನಿಶ್ಚಯವು ಸಾವಿರಾರು ಕಿಲೋಮೀಟರುಗಳಷ್ಟು ಉಳಿಯಿತು. ಲಕಾಯ್ ಮತ್ತು ಲಲಾಂದರ ದಾರಿಯಲ್ಲಿ ನಡೆದ ಖಗೋಳಜ್ಞರು ಅದಕ್ಕಿಂತ ಎಷ್ಟೋ ನಿಖರವಾದ ಅಂಕಿಯನ್ನು ಆಗಲೇ ಹೊಂದಿದ್ದರು. ಹೀಗಾಗಿ 'ರೇಡಾರ್ ಚಂದ್ರನ ದೂರವನ್ನು ಕಂಡುಹಿಡಿಯಿತು' ಎಂದು ಬರೆಯುವುದು ಸರಿಯಲ್ಲ. ರೇಡಾರ್ ಅಂದು ಮಾಡಿದುದು ಹೊಸದೊಂದು ಅಳತೆಗೋಲನ್ನು ಕಡೆದು ನಿಲ್ಲಿಸಿದ್ದು. ಅದರ ಮೇಲೆ ಗೆರೆಗಳನ್ನು ಕೊರೆಯುವ ಕೆಲಸ ಇನ್ನೂ ಉಳಿದಿತ್ತು.

ಈಗ ಹಂಗೇರಿಗೆ ಬರೋಣ. ರಾಜಧಾನಿ ಬುಡಾಪೆಸ್ಟಿನಲ್ಲಿ ವಿದ್ಯುದ್ದೀಪಗಳನ್ನು ತಯಾರಿಸುವ ಟುಂಗ್‌ಸ್ರಾಮ್ ಎಂಬ ಕಾರ್ಖಾನೆಯಿತ್ತು. ಅದರ ಸಂಶೋಧನಾಲಯದ ಮುಖ್ಯಸ್ಥ ಬೇ. ಚಂದ್ರನಿಗೆ ತರಂಗ ಕಳಿಸುವ ಯೋಚನೆಯನ್ನು ಅವನು 1944ರ ಆರಂಭದಲ್ಲಿಯೇ ಮಾಡಿದ್ದನು. ಆ ವರ್ಷದ ಮಾರ್ಚಿಯಲ್ಲಿ ಜರ್ಮನರ ಸೈನ್ಯ ದೇಶದೊಳಕ್ಕೆ ನುಗ್ಗಿತು. ವಿಮಾನದಾಳಿಗೆ ಅಂಜಿ ಪ್ರಯೋಗಶಾಲೆಯನ್ನು ಊರ ಹೊರಗೆ ಸಾಗಿಸಬೇಕಾಯಿತು. ಚಳಿಗಾಲದಲ್ಲಿ ರಷ್ಯದ ಸೈನ್ಯ ನಗರವನ್ನು ಮುತ್ತಿತು. ಯುದ್ಧದ ಕೊನೆಯಲ್ಲಿ ಗೆದ್ದವರು ಕಾರ್ಖಾನೆಯ ಯಂತ್ರಗಳನ್ನೂ ಪ್ರಯೋಗಶಾಲೆಯ ಉಪಕರಣಗಳನ್ನೂ ಕಳಚಿ ಸಾಗಿಸಿಬಿಟ್ಟರು. 1945ರ ಬೇಸಗೆ ಕಳೆಯುವ ಹೊತ್ತಿಗೆ ಬೇ ಬರಿಗೈಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದನು. ಹಾಳಾದ ನಗರ, ಸಾಮಗ್ರಿಗಳ ಅಭಾವ. ಅಂಥಲ್ಲಿ ಚಂದ್ರನೊಡನೆ ಮಾತನಾಡುವ ಹಟವೇಕೆ ಎಂದು ನೆರೆಯವರು ಕೇಳಿದ್ದರೆ ಆಶ್ಚರ್ಯವಿಲ್ಲ.

ಕೈಗೆ ಸಿಕ್ಕಿದ ಸಾಮಗ್ರಿಯಿಂದ ಕಟ್ಟಿದ ಯಂತ್ರದಲ್ಲಿ ಚಂದ್ರನ ಪ್ರತಿಧ್ವನಿಯು ಒಂದೇ ಸಲಕ್ಕೆ ಕಾಣಿಸಿಕೊಳ್ಳುವ ಹಾಗಿರಲಿಲ್ಲ. ಯಾವ ಗ್ರಾಹಕವೇ ಆಗಲಿ, ಅದರೊಳಗೆ ಸದಾ ಒಂದು ಗದ್ದಲವಿರುತ್ತದೆ. ರೇಡಿಯೋದಲ್ಲಿ ಕೇಂದ್ರ ಸಿಕ್ಕದಾಗ ಕೇಳುವ ಸೊರಸೊರ ಶಬ್ದದಂಥದು. ಚಂದ್ರನ ಉತ್ತರವು ಆ ಗದ್ದಲಕ್ಕಿಂತ ಬಹಳ ಕ್ಷೀಣ. ಜಾತ್ರೆಯ ನಡುವೆ ನಿಂತವನಿಗೆ ಹೊಳೆಯಾಚೆಯಿಂದ ಯಾರೋ ಪಿಸುಗುಟ್ಟಿದಂತೆ. ಒಂದು ಸಲ ಕೇಳಿಸದುದನ್ನು ಸಾವಿರ ಸಲ ಕೇಳಿ, ಕೇಳಿದುದನ್ನೆಲ್ಲ ಕೂಡಿಟ್ಟರೆ ಹೇಗೆ ಎಂದು ಬೇ ಯೋಚಿಸಿದನು.

ಕಣದಲ್ಲಿ ರಾಶಿ ತೂರುವುದನ್ನು ನೀವು ನೋಡಿರಬಹುದು. ಮೊರದಿಂದ ಸುರಿದ ಒಂದು ಹಿಡಿಯಲ್ಲಿ ಕಾಳಿಗಿಂತ ಹೊಟ್ಟೇ ಹೆಚ್ಚು. ಆದರೆ ಹೊಟ್ಟು ಗಾಳಿ ಬೀಸಿದತ್ತ ಚೆದರುತ್ತದೆ. ಕಾಳು ಪ್ರತಿಸಲವೂ ಒಂದೇ ಕಡೆಯಲ್ಲಿ ಬೀಳುತ್ತದೆ. ತೂರುತ್ತ ಹೋದಂತೆ ಆ ಎಡೆಯಲ್ಲಿ ರಾಶಿ ಏಳುತ್ತದೆ. ಗದ್ದಲವು ಹೊಟ್ಟಿನಂತೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ, ಗೊತ್ತುಗುರಿಯಿಲ್ಲದ್ದು. ಪ್ರತಿಧ್ವನಿಯಾದರೋ ಕಳಿಸಿದ ಎರಡೂವರೆ ಸೆಕೆಂಡಿನ ಬಳಿಕ, ಪ್ರತಿಸಲವೂ ಅದೇ ಗಳಿಗೆಗೆ ಬರುತ್ತದೆ. ಸಾವಿರ ಸಲ ಕೂಡಿದಾಗ ಪ್ರತಿಧ್ವನಿಯು ಸಾವಿರ ಮಡಿ ಬೆಳೆಯುತ್ತದೆ. ಗದ್ದಲದ ಏರಿಳಿತಗಳು ಒಂದನ್ನೊಂದು ಹೊಡೆದುಹಾಕುವುದರಿಂದ ಸಾವಿರದ ವರ್ಗಮೂಲದಷ್ಟು, ಎಂದರೆ ಸುಮಾರು 32 ಮಡಿ ಮಾತ್ರ ಬೆಳೆಯುತ್ತವೆ. ಪ್ರತಿಧ್ವನಿಯು ಆ ಏರಿಳಿತದ ಹತ್ತರಲ್ಲೊಂದು ಪಾಲು ಎಂದಿಟ್ಟುಕೊಳ್ಳಿ. ಸಾವಿರ ಸಲದ ಮೇಲೆ ಅದು 100, ಏರಿಳಿತ 32. ಅಡಗಿದ್ದುದು ತಲೆಯೆತ್ತಿ ನಿಂತಿತು.

ಕೂಡಿಡುವುದಾದರೂ ಎಲ್ಲಿ? ಇಂದಿನಂತೆ ಗಣಕಯಂತ್ರದ ಸ್ಮರಣೆಯಿಲ್ಲ. ವಿದ್ಯುತ್ತನ್ನು ಐವತ್ತು ನಿಮಿಷ ಸೋರದಂತೆ ಹಿಡಿದಿಡುವ ಬೇರೆ ಪಾತ್ರೆ ಬೇಕಿತ್ತು. ಬೇ ಆರಿಸಿಕೊಂಡದ್ದು ನೀವು ಶಾಲೆಯ ಪ್ರಯೋಗಶಾಲೆಯಲ್ಲಿ ನೋಡುವ ನೀರಿನ ವಿದ್ಯುದ್ವಿಭಜನೆಯನ್ನು. ಗ್ರಾಹಕದಿಂದ ಬಂದ ವಿದ್ಯುತ್ತನ್ನು ದ್ರಾವಣವಿರುವ ಸಣ್ಣ ಗಾಜಿನ ನಳಿಕೆಯಲ್ಲಿ ಹರಿಸಿದರೆ ಜಲಜನಕದ ಗುಳ್ಳೆಗಳು ಹುಟ್ಟುತ್ತವೆ. ಹೆಚ್ಚು ವಿದ್ಯುತ್ತು ಹರಿದಷ್ಟೂ ಹೆಚ್ಚು ಅನಿಲ. ಅಂಥ ಹತ್ತು ನಳಿಕೆಗಳನ್ನು ಸಾಲಾಗಿರಿಸಿ, ಸುತ್ತುವ ಸ್ವಿಚ್ಚೊಂದರಿಂದ ಗ್ರಾಹಕವನ್ನು ಒಂದಾದ ಮೇಲೊಂದಕ್ಕೆ ಜೋಡಿಸಿದನು. ಮೂರು ಸೆಕೆಂಡಿಗೊಮ್ಮೆ 120 ಮೆಗಾಹರ್ಟ್ಸಿನ ಒಂದು ಸ್ಪಂದವು ಚಂದ್ರನತ್ತ ಹೊರಡುವುದು. ಆ ಮೂರು ಸೆಕೆಂಡಿನಲ್ಲಿ ಸ್ವಿಚ್ಚು ಹತ್ತೂ ನಳಿಕೆಗಳನ್ನು ಒಂದು ಸುತ್ತು ಮುಟ್ಟುವುದು. ಹೀಗೆ ಪ್ರತಿಯೊಂದು ನಳಿಕೆಗೂ ಕಾಲದ ಒಂದೊಂದು ಹೋಳು ಸೇರಿತು. ಸಾವಿರ ಸಲ, ಒಟ್ಟು ಐವತ್ತು ನಿಮಿಷ. ಕಾರ್ಖಾನೆಯ ಮಾಳಿಗೆಯ ಮೇಲಿದ್ದ ಆಂಟೆನಾ ಅಷ್ಟು ಹೊತ್ತೂ ಚಂದ್ರನನ್ನು ಹಿಂಬಾಲಿಸಬೇಕು. ಕೊನೆಗೆ ನಳಿಕೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದಾಗ, ಚಂದ್ರನಿಂದ ಉತ್ತರ ಬರಬೇಕಾದ ಗಳಿಗೆಗೆ ಸೇರಿದ ಎಡೆಯಲ್ಲಿ ಅನಿಲವು ಮಿಕ್ಕ ಕಡೆಗಿಂತ ತುಸು ಹೆಚ್ಚಾಗಿ ನಿಂತಿತ್ತು. ಪರದೆಯ ಮೇಲೆ ಗೆರೆ ಏಳಲಿಲ್ಲ, ನಾದವೂ ಕೇಳಲಿಲ್ಲ. ಗಾಜಿನಲ್ಲಿ ಒಂದಿಷ್ಟು ಜಲಜನಕ ಮಾತ್ರ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಹತ್ತು ನಳಿಕೆಗಳಿಗೆ ಮೂರು ಸೆಕೆಂಡು ಹಂಚಿದರೆ ಒಂದೊಂದಕ್ಕೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು; ಆ ಅವಧಿಯಲ್ಲಿ ತರಂಗವು ಓಡುವ ದೂರ ಸುಮಾರು 90,000 ಕಿಲೋಮೀಟರು. ಬೇಯ ಅಳತೆಯು ಡಿವಿಟ್ಟನದಕ್ಕಿಂತಲೂ ಒರಟು. ತಡವಾಗಿ ಬಂದದ್ದು, ಒರಟಾದದ್ದು, ಅದನ್ನೇಕೆ ಮೇಲೆತ್ತಬೇಕು? ಅಂಕಿಯನ್ನಷ್ಟೇ ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ವಿಧಾನವನ್ನು ಕೇಳುವವರಿಗೆ ಹೇಳಬೇಕಾದುದು ಬಹಳವಿದೆ. ಡಿವಿಟ್ಟನ ವಿಧಾನಕ್ಕೆ ಒಂದೇ ಕೂಗಿಗೆ ಉತ್ತರ ಕೇಳಿಸುವಷ್ಟು ಶಕ್ತಿಯುಳ್ಳ ಯಂತ್ರ ಬೇಕು. ಬೇಯ ವಿಧಾನಕ್ಕೆ ಬೇಕಾದುದು ಕಾಲ ಮತ್ತು ತಾಳ್ಮೆ. ದೂರವು ಹೆಚ್ಚಿದಂತೆ, ಅಳತೆಯು ನಯವಾಗಬೇಕೆಂದು ಸ್ಪಂದವನ್ನು ಮೊಟಕುಮಾಡಿದಂತೆ, ಎಷ್ಟು ದೊಡ್ಡ ಯಂತ್ರವೂ ಒಂದು ಹಂತದಲ್ಲಿ ಸೋಲುತ್ತದೆ. ಅಲ್ಲಿಂದ ಮುಂದೆ ತೂರುವ ಕೆಲಸವೇ ಗತಿ.

1958ರಲ್ಲಿ ಇಂಗ್ಲೆಂಡಿನ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸಂಸ್ಥೆಯವರು ಚಂದ್ರನ ದೂರವನ್ನು ನಿಜವಾದ ಅರ್ಥದಲ್ಲಿ ರೇಡಾರಿನಿಂದ ಅಳೆದರು. ಅವರ ಸ್ಪಂದವು ಸೆಕೆಂಡಿನ ಹತ್ತು ಲಕ್ಷದಲ್ಲಿ ಐದು ಪಾಲು ಮಾತ್ರ. ಸೆಕೆಂಡಿಗೆ ಅಂಥವು 260. ಅವರ ಪ್ರೇಷಕದ ಶಕ್ತಿ 20 ಲಕ್ಷ ವ್ಯಾಟ್. ಆದರೂ ಒಂಟಿ ಪ್ರತಿಧ್ವನಿಯನ್ನು ಅವರು ನಂಬಲಿಲ್ಲ. ಪರದೆಯ ಮೇಲಿನ ಗೆರೆಗಳನ್ನು ಒಂದರ ಮೇಲೊಂದರಂತೆ ಛಾಯಾಚಿತ್ರದ ಫಿಲ್ಮಿನ ಮೇಲೆ ಮೂಡಿಸಿ ಕೂಡಿಸಿದರು. ಅನಿಶ್ಚಯವು 1.25 ಕಿಲೋಮೀಟರಿಗೆ ಇಳಿಯಿತು. ಫಿಲ್ಮು ಅವರ ಜಲಜನಕದ ನಳಿಕೆಯಾಗಿತ್ತು. ಅವರು ಬೇಯಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ನಿಸರ್ಗವೇ ಅವರನ್ನು ಆ ದಾರಿಗೆ ತಂದಿತು.

ಈ ವಿಧಾನವನ್ನು ಹೊಗಳುವ ಭರದಲ್ಲಿ ಅದರ ಅಪಾಯವನ್ನು ಮುಚ್ಚಿಡಬಾರದು. ಅದೇ 1958ರಲ್ಲಿ ಅಮೆರಿಕದ ಲಿಂಕನ್ ಪ್ರಯೋಗಶಾಲೆಯವರು ಶುಕ್ರಗ್ರಹದ ಕಡೆಗೆ ರೇಡಾರನ್ನು ತಿರುಗಿಸಿ, ಬಂದುದನ್ನೆಲ್ಲ ಗಣಕಯಂತ್ರದಿಂದ ಕೂಡಿಸಿ, ಶುಕ್ರನ ಪ್ರತಿಧ್ವನಿ ಸಿಕ್ಕಿತೆಂದು 1959ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದವರು ತಮಗೂ ಅದೇ ದೂರದಲ್ಲಿ ಕ್ಷೀಣವಾದ ಉತ್ತರ ಕಂಡಿತೆಂದರು. 1961ರಲ್ಲಿ ಶುಕ್ರನು ಮತ್ತೆ ಹತ್ತಿರ ಬಂದಾಗ ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್‌ನಲ್ಲಿಯೂ ಇತರೆಡೆಗಳಲ್ಲಿಯೂ ಹೆಚ್ಚು ಬಲವಾದ ಯಂತ್ರಗಳು ನಿಜವಾದ ಪ್ರತಿಧ್ವನಿಯನ್ನು ಹಿಡಿದುವು. ಹಿಂದೆ ಕಂಡದ್ದು ಶುಕ್ರನಲ್ಲ, ಬರಿಯ ಗದ್ದಲವೆಂದು ಆಗ ತಿಳಿಯಿತು. ಅವರಾರೂ ಸುಳ್ಳುಗಾರರಲ್ಲ, ದಡ್ಡರೂ ಅಲ್ಲ. ರಾಶಿ ಇಲ್ಲೇ ಏಳಬೇಕೆಂದು ಮೊದಲೇ ಬಗೆದು ಕುಳಿತವನಿಗೆ ಹೊಟ್ಟಿನ ಗುಡ್ಡೆಯೂ ಕಾಳಿನ ರಾಶಿಯಂತೆ ಕಾಣುವುದುಂಟು. ಡಿವಿಟ್ಟನ ಎರಡು ವಾರಗಳ ಮೌನವನ್ನು ಮೆಚ್ಚಿದೆನೆಂದು ಹಿಂದೆ ಹೇಳಿದುದಕ್ಕೆ ಕಾರಣವಿದೇ.

ಇಂದು ಚಂದ್ರನ ದೂರವನ್ನು ಅಳೆಯಲು ರೇಡಾರಿನ ಸ್ಥಾನದಲ್ಲಿ ಲೇಸರ್ ಬೆಳಕು ಬಂದಿದೆ. 1969ರ ಜುಲೈ ತಿಂಗಳಲ್ಲಿ ಅಪೊಲೊ-11ರ ಯಾತ್ರಿಕರು ಚಂದ್ರನ ನೆಲದ ಮೇಲೆ ಒಂದು ಪ್ರತಿಫಲಕವನ್ನಿಟ್ಟು ಬಂದರು. ಅದರ ಮೇಲೆ ಬಿದ್ದ ಬೆಳಕು ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಅಮೆರಿಕದ ಅಪಾಚೆ ಪಾಯಿಂಟ್ ವೀಕ್ಷಣಾಲಯದಿಂದ ಹೊರಡುವ ಒಂದೊಂದು ಲೇಸರ್ ಸ್ಪಂದದಲ್ಲಿ ಒಂದರ ಮುಂದೆ ಹದಿನೇಳು ಸೊನ್ನೆಗಳಷ್ಟು ಬೆಳಕಿನ ಕಣಗಳಿರುತ್ತವೆ. ಹಿಂದಿರುಗಿ ಬಂದು ಸಿಕ್ಕುವುದು ಸುಮಾರು ಒಂದು ಕಣ. ಅಂಥ ಒಂದೊಂದೇ ಕಣವನ್ನು ಸಾವಿರಗಟ್ಟಲೆ ಕೂಡಿಟ್ಟು, ಚಂದ್ರನ ದೂರವನ್ನು ಮಿಲಿಮೀಟರುಗಳ ನಿಖರತೆಗೆ ತಂದಿದ್ದಾರೆ. ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆಂಬುದು ತಿಳಿದದ್ದು ಹೀಗೆ. ಶಕ್ತಿವಂತನ ಒಂದೇ ಕೂಗಿನಿಂದ ಇದು ಎಂದೂ ದೊರೆಯುತ್ತಿರಲಿಲ್ಲ.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ 32 ಮೀಟರು ವ್ಯಾಸದ ದೊಡ್ಡ ಆಂಟೆನಾ ಇದೆ. 2008ರಲ್ಲಿ ಚಂದ್ರಯಾನ-1 ಹೊರಟಾಗಿನಿಂದ ಚಂದ್ರನ ಬಳಿಯ ನಮ್ಮ ನೌಕೆಗಳೊಡನೆ ಅದು ಸಂಪರ್ಕವಿರಿಸಿಕೊಂಡಿದೆ. ಅಲ್ಲಿಂದ ಹೊರಟ ಸಂಕೇತವನ್ನು ನೌಕೆಯು ಹಿಡಿದು ಹಿಂದಕ್ಕೆ ಕಳಿಸುತ್ತದೆ. ಹೋಗಿಬಂದ ಕಾಲದಿಂದ ನೌಕೆಯ ದೂರವನ್ನು ಲೆಕ್ಕ ಹಾಕುತ್ತಾರೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ವಿಕ್ರಮ್‌ನ ಮೇಲೂ ಅಮೆರಿಕದವರು ಕೊಟ್ಟ ಪುಟ್ಟ ಪ್ರತಿಫಲಕವೊಂದಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ನೌಕೆಯೊಂದು ಅದರ ಮೇಲೆ ಲೇಸರ್ ಬೆಳಕು ಬೀರಿ ಉತ್ತರ ಪಡೆಯಿತು.

ಬೇಯ ಕಥೆ ಬುಡಾಪೆಸ್ಟಿನಲ್ಲಿ ಮುಗಿಯಲಿಲ್ಲ. 1948ರಲ್ಲಿ ಅವನು ತಾಯ್ನಾಡನ್ನು ಬಿಟ್ಟು ಅಮೆರಿಕಕ್ಕೆ ಹೋದನು. ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಬೆಳಕಿನ ವೇಗವನ್ನು ಅಳೆಯುವ ಕೆಲಸದಲ್ಲಿ ತೊಡಗಿ, ಮೀಟರು ಎಂಬ ಉದ್ದವನ್ನೇ ಬೆಳಕಿನ ವೇಗದಿಂದ ನಿರೂಪಿಸಬೇಕೆಂದು ವಾದಿಸಿದವರಲ್ಲಿ ಒಬ್ಬನಾದನು. 1983ರಲ್ಲಿ ಜಗತ್ತಿನ ರಾಷ್ಟ್ರಗಳು ಸೇರಿ ಅದನ್ನು ಒಪ್ಪಿಕೊಂಡವು. ಈಗ ಮೀಟರೆಂದರೆ ಬೆಳಕು ನಿರ್ವಾತದಲ್ಲಿ ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲಿನ ಕಾಲದಲ್ಲಿ ಸಾಗುವ ದೂರ. ಹೀಗಾಗಿ ನೀವು ಅಂಗಡಿಯಲ್ಲಿ ಬಟ್ಟೆ ಅಳೆಸುವ ಮೀಟರು ಗೋಲಿಗೂ ಚಂದ್ರನಿಗೆ ಕಳಿಸಿದ ಕೂಗಿಗೂ ಈಗ ಲೆಕ್ಕ ಒಂದೇ. ಆ ನಿರ್ಣಯವಾದಾಗ ಬೇಗೆ ಎಂಬತ್ತಮೂರು ವರ್ಷ. 1992ರವರೆಗೆ ಅವನು ಬದುಕಿದ್ದನು.